ಸೊನ್ನೆಗೆ ಇಳಿದ ಒಂದು ಮಾತು: ಉಡುಪಿ ಜಿಲ್ಲಾಧಿಕಾರಿಯವರಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಯವರೇ,

ನನ್ನ ಕಪಾಟಿನಲ್ಲಿ ಒಂದು ಗ್ರಾಫ್ ಇದೆ. ಕೆಳಗೆ ದಿನಾಂಕಗಳು, ಎಡಕ್ಕೆ ಅಂಕಿಗಳು. ಒಂದು ಗಂಟೆಯ ಸೆಷನ್‌ನಲ್ಲಿ ಐದು ವರ್ಷದ ಹುಡುಗನೊಬ್ಬ ಒಂದೇ ಮಾತನ್ನು ಎಷ್ಟು ಸಲ ಹೇಳಿದ ಎಂಬುದರ ಲೆಕ್ಕ ಅದು. ಮೊದಲ ವಾರ ಚುಕ್ಕೆಗಳೆಲ್ಲ 30ರ ಆಸುಪಾಸಿನಲ್ಲಿವೆ. ಎರಡನೆಯ ವಾರ ಇನ್ನಷ್ಟು ಮೇಲಕ್ಕೆ ಜಿಗಿದಿವೆ. ಅಲ್ಲಿಂದ ಇಳಿಯುತ್ತ ಇಳಿಯುತ್ತ ಆರನೆಯ ವಾರಕ್ಕೆ ಸೊನ್ನೆ ಮುಟ್ಟಿವೆ. ಆ ಗ್ರಾಫ್ ಬರೆದವಳು ನಾನು. ಆಗ ನಾನು ಕೆಲಸಕ್ಕಿದ್ದ, ಆಟಿಸಂನಂಥ ಸ್ಥಿತಿ ಇರುವ ಮಕ್ಕಳ ವರ್ತನಾ ಥೆರಪಿ ಸೆಂಟರಿನಲ್ಲಿ ಹುಡುಗನ ಹೆಸರು ಮರೆಮಾಡಿ ಅದನ್ನು ಗೋಡೆಗೆ ಅಂಟಿಸಿದ್ದರು. ಹೊಸದಾಗಿ ಬರುವ ತಂದೆತಾಯಂದಿರಿಗೆ ತೋರಿಸಲು ಅಷ್ಟು ಚೆಂದದ ಗ್ರಾಫ್ ನಮ್ಮಲ್ಲಿ ಇನ್ನೊಂದಿರಲಿಲ್ಲ.

ಹುಡುಗ ಹೇಳುತ್ತಿದ್ದ ಮಾತು ‘ರೈಟ್ ಪೋಯಿ’.

ತಾವು ಹೊರ ಜಿಲ್ಲೆಯವರಾದರೆ ಇದನ್ನು ಬಿಡಿಸಿ ಹೇಳಬೇಕಾದೀತು. ನಮ್ಮ ಖಾಸಗಿ ಬಸ್ಸುಗಳಲ್ಲಿ ಕೊನೆಯ ಪ್ರಯಾಣಿಕ ಮೆಟ್ಟಿಲಿಗೆ ಕಾಲಿಟ್ಟ ಕೂಡಲೇ ಕಂಡಕ್ಟರ್ ಕೂಗುವ ಮಾತು ಅದು. ತುಳುವಿನಲ್ಲಿ ‘ಪೋಯಿ’ ಎಂದರೆ ಹೋಗೋಣ. ಹುಡುಗ ಮಲ್ಪೆ ಕಡೆಯವನು. ತಂದೆ ಬೋಟಿಗೆ ಹೋಗುವವರು. ತಾಯಿ ದಿನವೂ ಬಸ್ಸಿನಲ್ಲಿ ಕರೆದುಕೊಂಡು ಬರುತ್ತಿದ್ದರು. ಮನೆಮಾತು ತುಳು. ಅವನ ಬಾಯಲ್ಲಿದ್ದ ಮಾತುಗಳೇ ಐದಾರು; ಅದರಲ್ಲಿ ಇದೂ ಒಂದು. ಬೇರೆ ಊರಿನಲ್ಲಿ ಕುಳಿತು ವಿಡಿಯೋ ನೋಡಿ ಯೋಜನೆ ಬರೆದ ನಮ್ಮ ಮೇಲ್ವಿಚಾರಕರಿಗೆ ತುಳು ಬರುತ್ತಿರಲಿಲ್ಲ. ಅವರು ಅದನ್ನು ‘ಅರ್ಥವಿಲ್ಲದ ಪುನರಾವರ್ತಿತ ಮಾತು, ಕಡಿಮೆ ಮಾಡತಕ್ಕದ್ದು’ ಎಂದು ಇಂಗ್ಲಿಷಿನಲ್ಲಿ ಬರೆದರು. ತುಳು ನನ್ನ ಮನೆಮಾತು. ನಾನೂ ತುಟಿ ಬಿಚ್ಚಲಿಲ್ಲ. ಅವನು ಹಾಗೆ ಹೇಳಿದಾಗ ಮುಖ ತಿರುಗಿಸುವುದು, ಸುಮ್ಮನಿದ್ದಾಗ ಬಿಸ್ಕತ್ತಿನ ಚೂರು ಕೊಡುವುದು ನನ್ನ ಕೆಲಸವಾಗಿತ್ತು. ಚೆನ್ನಾಗಿಯೇ ಮಾಡಿದೆ.

ಸೊನ್ನೆ ಮುಟ್ಟಿದ ಎರಡು ವಾರಕ್ಕೆ ಹುಡುಗ ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳಲು ಶುರುಮಾಡಿದ. ಕಚ್ಚುವುದನ್ನು ನಿಲ್ಲಿಸಲು ಇನ್ನೊಂದು ಯೋಜನೆ ಬಂತು, ಇನ್ನೊಂದು ಸಹಿ ಬಿತ್ತು. ಒಂದು ಸಂಜೆ ಮೆಟ್ಟಿಲಿಳಿಯುವಾಗ ಆ ತಾಯಿ ನನಗೆ ಹೇಳಿದರು: “ಟೀಚರ್, ಮೊದಲು ಊಟ ಸಾಕಾದರೆ ‘ರೈಟ್ ಪೋಯಿ’ ಎನ್ನುತ್ತಿದ್ದ. ನೆಂಟರ ಮನೆಯಲ್ಲಿ ಬೇಸರವಾದರೆ ಅದನ್ನೇ ಹೇಳುತ್ತಿದ್ದ. ಈಗ ಹೇಳುವುದೇ ಇಲ್ಲ. ನೀವು ನಿಲ್ಲಿಸಿಬಿಟ್ಟಿರಿ.” ಅವರು ದೂರು ಹೇಳುತ್ತಿರಲಿಲ್ಲ. ನನ್ನನ್ನು ಮೆಚ್ಚಿ ಹೇಳುತ್ತಿದ್ದರು.

ಆ ಹುಡುಗ ಗಂಟೆಗೆ 30 ಸಲ ನನಗೆ ‘ಸಾಕು, ಹೋಗೋಣ’ ಎಂದಿದ್ದ. ನಾನು ಅವನಿಂದ ಆ ಮಾತನ್ನು ಕಿತ್ತುಕೊಂಡೆ. ಮಾತು ಹೋದ ಮೇಲೆ ಅವನಿಗೆ ಉಳಿದದ್ದು ಹಲ್ಲು ಮತ್ತು ಕೈ.

ಈ ಪತ್ರವನ್ನು ಅರ್ಜಿಯಂತೆ ಬರೆದು ತಮ್ಮ ಕಚೇರಿ ಇರುವ ರಜತಾದ್ರಿಯ ಟಪಾಲು ಪೆಟ್ಟಿಗೆಗೆ ಹಾಕಿ ಸುಮ್ಮನಾಗಬಹುದಿತ್ತು. ಅಷ್ಟಕ್ಕೇ ಬಿಡಲಿಲ್ಲ. ಇದರಲ್ಲಿ ಅರ್ಧ ಮಾತು ತಮಗೆ ಹೇಳಬೇಕಾದದ್ದು; ಉಳಿದರ್ಧ ಕುಂದಾಪುರ, ಬ್ರಹ್ಮಾವರ, ಕಾಪು, ಕಾರ್ಕಳದಿಂದ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಸೆಂಟರುಗಳಿಗೆ ಬರುವ ತಾಯಂದಿರು ಕೇಳಬೇಕಾದದ್ದು. ತಮಗೇ ಏಕೆ ಎಂದರೆ, 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ ಇರುವವರಿಗಾಗಿ ಪ್ರತಿ ಜಿಲ್ಲೆಯಲ್ಲಿ ಇರಬೇಕಾದ ಸ್ಥಳೀಯ ಮಟ್ಟದ ಸಮಿತಿಯಲ್ಲಿ ತಮ್ಮ ಕುರ್ಚಿ ಇದೆ. ಆ ಸಮಿತಿಯ ಬಗ್ಗೆ ಮುಂದೆ ಇನ್ನೊಂದು ಮಾತು ಹೇಳುವುದಿದೆ.

ನಾನು ಮಾಡುವ ಕೆಲಸಕ್ಕೆ ಆನ್ವಯಿಕ ವರ್ತನಾ ವಿಶ್ಲೇಷಣೆ ಎಂದು ಹೆಸರು, ಬಾಯಿಮಾತಿನಲ್ಲಿ ಎಬಿಎ. ಒಂದು ವರ್ತನೆಯ ಹಿಂದೆ ಏನು ನಡೆಯಿತು, ಅದರ ಬೆನ್ನಿಗೆ ಏನು ಸಿಕ್ಕಿತು ಎಂದು ನೋಡಿ, ಆ ಹಿಂದುಮುಂದನ್ನು ಬದಲಿಸಿದರೆ ವರ್ತನೆಯೂ ಬದಲಾಗುತ್ತದೆ ಎಂಬುದು ಇದರ ಬುಡ. ಇದು ಸುಳ್ಳು ವಿದ್ಯೆ ಎಂದು ನಾನು ಹೇಳುತ್ತಿಲ್ಲ. ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿದ್ದ ಹುಡುಗಿ ನೀರು ಬೇಕೆಂದು ಚಿತ್ರದ ಕಾರ್ಡು ತೋರಿಸುವುದನ್ನು ಕಲಿತು ಬಡಿಯುವುದನ್ನು ಬಿಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶೌಚಕ್ಕೆ ಹೋಗುವುದು, ಹಲ್ಲುಜ್ಜುವುದು, ರಸ್ತೆಯ ಅಂಚಿನಲ್ಲಿ ನಿಲ್ಲುವುದು ಇವನ್ನೆಲ್ಲ ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆದು ಕಲಿಸುವುದರಲ್ಲಿ ಈ ವಿದ್ಯೆಗೆ ಒಳ್ಳೆಯ ಕೈಗುಣ ಇದೆ. ಹನ್ನೊಂದು ವರ್ಷದಿಂದ ಇದರ ಅನ್ನ ಉಣ್ಣುತ್ತಿದ್ದೇನೆ. ಕತ್ತಿ ಹರಿತವಾಗಿರುವುದರಿಂದಲೇ ಹಿಡಿ ಯಾರ ಕೈಯಲ್ಲಿದೆ ಎಂದು ಕೇಳಬೇಕಾಗಿದೆ.

ಸಹಿಯ ವಿಷಯಕ್ಕೆ ಬರುತ್ತೇನೆ. ಆ ತಾಯಿ ಸಹಿ ಹಾಕಿದ ಫಾರ್ಮ್ ಹನ್ನೊಂದು ಪುಟದ್ದು, ಪೂರ್ತಿ ಇಂಗ್ಲಿಷ್. ಸಹಿ ಹಾಕಿದ್ದು ಶುಲ್ಕ ಕಟ್ಟುವ ಕೌಂಟರಿನಲ್ಲಿ, ರಶೀದಿಗೆ ಕಾಯುತ್ತ, ಇನ್ನೊಂದು ಕೈಯಲ್ಲಿ ಓಡಲು ನೋಡುತ್ತಿದ್ದ ಮಗುವಿನ ರಟ್ಟೆ ಹಿಡಿದುಕೊಂಡು. “ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ” ಎಂದು ಬೆರಳಿಟ್ಟು ತೋರಿಸಿದವಳೂ ನಾನೇ. ಎರಡು ನಿಮಿಷ ಹಿಡಿದಿರಬೇಕು. ಫಾರ್ಮಿನಲ್ಲಿ ಎಲ್ಲವೂ ಇತ್ತು ಎನ್ನಿ, ‘ಯಾವಾಗ ಬೇಕಾದರೂ ಚಿಕಿತ್ಸೆಯಿಂದ ಹಿಂದೆ ಸರಿಯಬಹುದು’ ಎಂಬ ಸಾಲು ಸಹ. ಅದರ ಕೆಳಗೇ ಮೂರು ತಿಂಗಳ ಶುಲ್ಕ ಮುಂಗಡ ಕಟ್ಟಬೇಕು, ಕಟ್ಟಿದ್ದನ್ನು ಹಿಂದಿರುಗಿಸುವುದಿಲ್ಲ ಎಂದೂ ಇತ್ತು. ಮಳೆಗಾಲದ ಮೀನುಗಾರಿಕೆ ನಿಷೇಧದಲ್ಲಿ ಬೋಟುಗಳೆಲ್ಲ ದಡ ಸೇರಿ ಕೈ ಬರಿದಾಗಿರುವ ಮನೆಯಿಂದ ಮೂರು ತಿಂಗಳ ಹಣ ಬಂದಿದೆ. ಹಿಂದೆ ಸರಿಯುವ ಸ್ವಾತಂತ್ರ್ಯ ಆ ಮನೆಗೆ ಎಲ್ಲಿಂದ ಬರಬೇಕು?

ನಮ್ಮ ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೋಹ್ಲಿ ಪ್ರಕರಣದಲ್ಲಿ ಇದನ್ನು ತಿಳಿಯಾಗಿ ಹೇಳಿದೆ. ಪರೀಕ್ಷೆಗೆಂದು ಕೊಟ್ಟ ಸಮ್ಮತಿ ಚಿಕಿತ್ಸೆಗೆ ಕೊಟ್ಟ ಸಮ್ಮತಿಯಾಗುವುದಿಲ್ಲ. ಏನು ಮಾಡುತ್ತಾರೆ, ಬೇರೆ ದಾರಿ ಏನಿದೆ, ಅಪಾಯವೇನು, ಮಾಡದಿದ್ದರೆ ಏನಾಗುತ್ತದೆ ಎಂದು ಸಾಕಷ್ಟು ತಿಳಿಸಿದ ಮೇಲೆ ಪಡೆದದ್ದೇ ನಿಜವಾದ ಸಮ್ಮತಿ. ಆ ಪ್ರಕರಣ ಗರ್ಭಕೋಶ ತೆಗೆದ ಶಸ್ತ್ರಚಿಕಿತ್ಸೆಯದ್ದು, ನಮಗೇಕೆ ಎನ್ನುವವರಿದ್ದಾರೆ. ಗರ್ಭಕೋಶ ತೆಗೆದರೆ ಹೊಲಿಗೆಯ ಗುರುತಾದರೂ ಉಳಿಯುತ್ತದೆ. ಮಗುವಿನಿಂದ ಒಂದು ಮಾತನ್ನು ತೆಗೆದರೆ ಗುರುತು ಕೂಡ ಇರುವುದಿಲ್ಲ, ಗೋಡೆಯ ಮೇಲೆ ಗ್ರಾಫ್ ಇರುತ್ತದೆ.

ಆ ದಿನ ನಾನು ಆ ತಾಯಿಗೆ ಏನು ಹೇಳಬೇಕಿತ್ತು? ‘ನಿಮ್ಮ ಮಗ ಈ ಮಾತು ಹೇಳಿದಾಗ ನಾವು ಕೇಳಿಸದವರಂತೆ ಇರುತ್ತೇವೆ. ಮೊದಮೊದಲು ಅವನು ಇನ್ನೂ ಜೋರಾಗಿ ಹೇಳುತ್ತಾನೆ, ಅಳಬಹುದು, ಹೊಡೆಯಬಹುದು. ಈ ಮಾತಿನಿಂದ ಅವನು ಏನು ಕೇಳುತ್ತಿದ್ದಾನೆ ಎಂದು ನಾವು ಇನ್ನೂ ಪತ್ತೆ ಮಾಡಿಲ್ಲ. ಇದನ್ನು ನಿಲ್ಲಿಸದೆ, ಇದರ ಜೊತೆಗೆ ಇನ್ನೊಂದು ಮಾತು ಕಲಿಸುವ ದಾರಿಯೂ ಇದೆ. ನಾಲ್ಕು ವಾರ ನೋಡುತ್ತೇವೆ, ಸರಿಹೋಗದಿದ್ದರೆ ಬಿಡುತ್ತೇವೆ.’ ಹೇಳಲು ಐದು ನಿಮಿಷ ಸಾಕು, ತುಳುವಿನಲ್ಲಾದರೆ ಇನ್ನೂ ಕಡಿಮೆ. ‘ಪತ್ತೆ ಮಾಡಿಲ್ಲ’ ಎಂಬಲ್ಲೇ ಆ ತಾಯಿ ನನ್ನನ್ನು ತಡೆದು, “ಅಯ್ಯೋ, ಅದು ಅವನು ಹೊರಡೋಣ ಎನ್ನುವುದಲ್ಲವೇ” ಎಂದು ನಕ್ಕುಬಿಡುತ್ತಿದ್ದರು. ವಿವರಿಸಿ ಕೇಳುವುದು ಕಾನೂನಿನ ಕಾಟಕ್ಕೆ ಎಂದು ನಾವು ಭಾವಿಸಿದ್ದೇವೆ. ಯೋಜನೆ ತಪ್ಪಿದ್ದರೆ ಅದು ಸಿಕ್ಕಿಬೀಳುವುದು ಈ ಐದು ನಿಮಿಷದಲ್ಲಿ.

ಈ ವಿದ್ಯೆಯ ಹಿರಿಯರೂ ಎಡವಿಯೇ ಕಲಿತವರು. 1972ರಲ್ಲಿ ಅಮೆರಿಕದ ಮಯಾಮಿಯಲ್ಲಿದ್ದ ಸನ್‌ಲ್ಯಾಂಡ್ ಎಂಬ ವಸತಿ ಸಂಸ್ಥೆಯಲ್ಲಿ ವರ್ತನೆ ತಿದ್ದುವ ಹೆಸರಿನಲ್ಲಿ ನಡೆದ ಹಿಂಸೆ ಬಯಲಿಗೆ ಬಂತು. ನಿಯಮಗಳ ಮಾತು ಗಟ್ಟಿಯಾದದ್ದು ಅದರ ನಂತರ. ನಮ್ಮ ಸೆಂಟರುಗಳಲ್ಲಿ ಮಂತ್ರದಂತೆ ಹೇಳುವ ‘ವಾರಕ್ಕೆ 40 ಗಂಟೆ’ ಬಂದದ್ದು 1987ರಲ್ಲಿ ಲೊವಾಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನದಿಂದ. 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ಶಾಲೆಯ ಮಟ್ಟ ಮುಟ್ಟಿದರು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಮಕ್ಕಳನ್ನು ಗುಂಪುಗಳಿಗೆ ಹಂಚಿದ್ದು ಚೀಟಿ ಎತ್ತಿ ಅಲ್ಲ, ಗದರುವುದು ಮತ್ತು ಆಗೊಮ್ಮೆ ತೊಡೆಗೆ ಏಟು ಕೊಡುವುದೂ ಆ ವಿಧಾನದಲ್ಲಿತ್ತು ಎಂಬುದನ್ನು ಯಾರೂ ಹೇಳುವುದಿಲ್ಲ. 40 ಗಂಟೆ ಎಂದರೆ ದೊಡ್ಡವರ ಒಂದು ನೌಕರಿ. ಮೂರು ವರ್ಷದ ಮಗುವಿಗೆ ಅದನ್ನು ಬರೆದುಕೊಡುವ ಮುನ್ನ ಆ ಮಗು ಮಧ್ಯಾಹ್ನ ನಿದ್ದೆ ಯಾವಾಗ ಮಾಡುತ್ತದೆ ಎಂದು ಕೇಳಿದವರನ್ನು ನಾನು ಕಂಡದ್ದು ಕಡಿಮೆ.

ಅದೇ ವಿದ್ಯೆಯೊಳಗಿನ ಮಾಂಟ್ರೋಸ್ ವುಲ್ಫ್ ಎಂಬವರು 1978ರಲ್ಲಿ ಮೂರು ಪ್ರಶ್ನೆ ಎತ್ತಿದ್ದರು. ಗುರಿ ಜನರಿಗೆ ಬೇಕಾದದ್ದೇ? ವಿಧಾನ ಅವರಿಗೆ ಒಪ್ಪಿಗೆಯೇ? ಬಂದ ಫಲದಿಂದ ಅವರಿಗೆ ತೃಪ್ತಿಯಾಯಿತೇ? ನನ್ನ ಅನುಭವದಲ್ಲಿ ಮೊದಲನೆಯದರಲ್ಲೇ ಹೆಚ್ಚಿನ ಯೋಜನೆಗಳು ಮುಗ್ಗರಿಸುತ್ತವೆ. ನಾನು ನೋಡಿದ ಫೈಲುಗಳಲ್ಲಿ ಮೊದಲ ಗುರಿ ಸಾಮಾನ್ಯವಾಗಿ ಕಣ್ಣಿಗೆ ಕಣ್ಣಿಟ್ಟು ನೋಡುವುದು. ಎರಡನೆಯದು ಕೈ ಅಲ್ಲಾಡಿಸದೆ ಕೂರುವುದು. ಮೂರನೆಯದು ಹೇಳಿದ ತಕ್ಷಣ ಹೇಳಿದಂತೆ ಮಾಡುವುದು. ಸಂತೋಷವಾದಾಗ ಕೈ ಬಡಿಯುವ ಮಗುವಿನ ಕೈಯನ್ನು ತೊಡೆಯ ಮೇಲೆ ಇಡಿಸಲು ತಿಂಗಳುಗಟ್ಟಲೆ ದುಡಿದಿದ್ದೇನೆ. ಆ ಕೈಯಿಂದ ಯಾರಿಗೆ ಏನು ತೊಂದರೆಯಾಗುತ್ತಿತ್ತು ಎಂದು ಈಗ ಕೇಳಿದರೆ ಉತ್ತರವಿಲ್ಲ. ಸೇಬಿನ ಚಿತ್ರ, ಹಿಮದ ಗೊಂಬೆಯ ಚಿತ್ರ ಗುರುತಿಸಲು ಕಲಿಸಿದ್ದೇನೆ. ಮನೆಯಲ್ಲಿ ದಿನವೂ ಉಣ್ಣುವ ಕುಚ್ಚಲಕ್ಕಿ ಗಂಜಿಯನ್ನು ಕೇಳಿ ಪಡೆಯುವ ಮಾತನ್ನು ಮಾತ್ರ ಕಲಿಸಲಿಲ್ಲ. ಗಂಜಿಯ ಚಿತ್ರವಿರುವ ಕಾರ್ಡು ಅಂಗಡಿಯಲ್ಲಿ ಸಿಗುವುದಿಲ್ಲ ನೋಡಿ.

ಒಂದು ಕುಟುಂಬ ಬಂದಿತ್ತು. ಅವರ ತರವಾಡು ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ವರ್ಷಕ್ಕೊಮ್ಮೆ ದೈವದ ಕೋಲ. ಏಳು ವರ್ಷದ ಮಗ ಅಲ್ಲಿ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ, ನೆಂಟರಿಷ್ಟರ ಮುಂದೆ ತಲೆ ತಗ್ಗಿಸುವಂತಾಗುತ್ತದೆ. ರಾತ್ರಿಯಿಡೀ ಕೂರಿಸಲು ಕಲಿಸಿ ಎಂದರು. ಅವರ ಸಂಕಟ ಸುಳ್ಳಲ್ಲ. ಇಡೀ ಊರು ಸೇರುವ ಕಡೆ ತಮ್ಮ ಮಗುವೊಂದೇ ಹೊರಗೆ ಕಾರಿನಲ್ಲಿ ಕೂತಿರುವುದನ್ನು ಯಾವ ತಾಯಿ ಸಹಿಸುತ್ತಾಳೆ? ಆದರೆ ಆ ಹುಡುಗನಿಗೆ ಸದ್ದು ನೋವಾಗಿ ತಾಗುತ್ತಿತ್ತು. ಹಟ ಎನ್ನಲು ಅಲ್ಲಿ ಏನೂ ಇರಲಿಲ್ಲ. ಅಷ್ಟರಲ್ಲಿ ನಾನು ಸ್ವಲ್ಪ ಕಲಿತಿದ್ದೆ. ಗುರಿಯನ್ನು ಮನೆಯವರ ಜೊತೆ ಕುಳಿತು ಬೇರೆ ಬರೆದೆವು: ಸದ್ದು ತಡೆಯುವ ಹೆಡ್‌ಫೋನ್ ತಾನೇ ಹಾಕಿಕೊಳ್ಳುವುದು, ಸಾಕಾದಾಗ ಅಜ್ಜನ ಕೈ ಜಗ್ಗಿ ಒಳಕೋಣೆ ತೋರಿಸುವುದು, ಗಂಧಪ್ರಸಾದದ ಹೊತ್ತಿಗೆ ಮನಸ್ಸಿದ್ದರೆ ಬರುವುದು. ಅಜ್ಜನಿಗೆ ಮೊದಲು ಇದು ರುಚಿಸಲಿಲ್ಲ. ಕೋಲದ ಮರುದಿನ ಅವರೇ ಫೋನ್ ಮಾಡಿದರು: ಹುಡುಗ ನಾಲ್ಕು ಸಲ ಒಳಗೆ ಹೋಗಿ ನಾಲ್ಕು ಸಲವೂ ತಾನಾಗಿ ಹೊರಗೆ ಬಂದನಂತೆ.

ಇಲ್ಲಿ ಒಂದು ಪದದ ತೊಡಕಿದೆ. ಇಂಗ್ಲಿಷಿನಲ್ಲಿ ‘ಕನ್ಸೆಂಟ್’, ‘ಅಸೆಂಟ್’ ಎಂದು ಎರಡು ಬೇರೆ ಪದಗಳಿರುವ ಕಡೆ ನಮ್ಮಲ್ಲಿ ಎಲ್ಲದಕ್ಕೂ ‘ಒಪ್ಪಿಗೆ’ ಎನ್ನುತ್ತೇವೆ. ನನ್ನ ಅನುಕೂಲಕ್ಕೆ ನಾನು ಹೀಗೆ ಬೇರೆ ಮಾಡಿಕೊಂಡಿದ್ದೇನೆ: ಕಾನೂನಿನ ಅಧಿಕಾರವಿರುವ ತಂದೆತಾಯಿ ತಿಳಿದು ಕೊಡುವುದು ಸಮ್ಮತಿ, ಸಹಿ ಹಾಕಲಾಗದ ಮಗು ತನ್ನ ಮೈಯಿಂದ, ಮಾತಿನಿಂದ ತೋರಿಸುವುದು ಒಪ್ಪಿಗೆ. ಅಮೆರಿಕದ ವರ್ತನಾ ವಿಶ್ಲೇಷಕರ ಪ್ರಮಾಣೀಕರಣ ಮಂಡಳಿಯ 2022ರಿಂದ ಜಾರಿಯಲ್ಲಿರುವ ನೀತಿಸಂಹಿತೆ ಈ ಎರಡನೆಯದನ್ನೂ ಹೆಸರಿಸಿದೆ. ಮಾತಿಲ್ಲದ ಸೂಚನೆಯೂ ಒಪ್ಪಿಗೆಯ ಲೆಕ್ಕಕ್ಕೆ ಬರುತ್ತದೆ ಎಂದಿದೆ. ನಮ್ಮದೇ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 4ನೇ ಸೆಕ್ಷನ್, ತಮಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಅಂಗವಿಕಲ ಮಕ್ಕಳಿಗೂ ಇದೆ, ಅದಕ್ಕೆ ಬೇಕಾದ ನೆರವನ್ನು ಸರ್ಕಾರ ಕೊಡಬೇಕು ಎನ್ನುತ್ತದೆ. ಕೋಣೆಯ ಬಾಗಿಲಲ್ಲೇ ಕಾಲೂರಿ ನಿಲ್ಲುವುದು, ಕಾರ್ಡನ್ನು ತಳ್ಳುವುದು, ಮೇಜಿನ ಕೆಳಗೆ ಸರಿಯುವುದು, ಥೆರಪಿಸ್ಟಿನ ಮುಖ ಕಂಡರೆ ಅಮ್ಮನ ಸೀರೆಯೊಳಗೆ ತಲೆ ಹುದುಗಿಸುವುದು ಎಲ್ಲವೂ ಅಭಿಪ್ರಾಯವೇ. ನಾವು ಅವನ್ನೆಲ್ಲ ‘ಅವಿಧೇಯತೆ’ ಎಂಬ ಒಂದೇ ಕಾಲಮ್ಮಿಗೆ ತುಂಬಿ ಶೇಕಡಾ ಲೆಕ್ಕ ಹಾಕುತ್ತಿದ್ದೆವು.

‘ಮಗುವನ್ನು ಕೇಳಿಕೊಂಡು ಕೂತರೆ ಹಲ್ಲುಜ್ಜಿಸಲು ಆಗುತ್ತದೆಯೇ, ಇಂಜೆಕ್ಷನ್ ಕೊಡಿಸಲು ಆಗುತ್ತದೆಯೇ’ ಎಂದು ನನ್ನ ಸಹೋದ್ಯೋಗಿಗಳೇ ಕೇಳುತ್ತಾರೆ. ಆಗುವುದಿಲ್ಲ, ನಿಜ. ರಾಷ್ಟ್ರೀಯ ಹೆದ್ದಾರಿಗೆ ಓಡುವ ಮಗುವಿನ ಕೈಯನ್ನು ಹಿಡಿಯಲೇಬೇಕು, ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ಆದರೆ ಹೆದ್ದಾರಿಗೆ ಹೊಂದುವ ನ್ಯಾಯವನ್ನು ನಾವು ಮಣಿ ಪೋಣಿಸುವುದಕ್ಕೂ ಬಳಸುತ್ತಿದ್ದೇವೆ. ನಾನು ಈಗ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮಗು ಬೇಡ ಎಂದದ್ದನ್ನು ಮೀರಿ ಏನಾದರೂ ಮಾಡಿಸಿದರೆ ಅದರಲ್ಲಿ ಬರೆಯುತ್ತೇನೆ: ಏನು, ಏಕೆ, ಎಷ್ಟು ಹೊತ್ತು. ವಾರದ ಕೊನೆಗೆ ತಾಯಿಗೆ ಓದಿ ಹೇಳುತ್ತೇನೆ. ಬರೆಯಲು ನಾಚಿಕೆಯಾಗುವಂಥದ್ದನ್ನು ಮಾಡದಿರಲು ಇದರಷ್ಟು ಸುಲಭದ ಉಪಾಯ ನನಗೆ ಇನ್ನೊಂದು ಸಿಕ್ಕಿಲ್ಲ.

ತಂದೆತಾಯಂದಿರು ಇನ್ನೂ ಒಂದನ್ನು ಯೋಚಿಸಬೇಕು. ದೊಡ್ಡವರು ‘ಕೈ ಕೆಳಗೆ, ಸುಮ್ಮನೆ ಕೂರು’ ಎಂದಾಗಲೆಲ್ಲ ಎದುರಾಡದೆ ಕೂರುವಂತೆ ಐದಾರು ವರ್ಷ ಕಲಿಸಿದ ಹುಡುಗಿಯನ್ನು ನಾಳೆ ಶಾಲೆಯ ವ್ಯಾನಿನಲ್ಲೋ ಬಂಧುಗಳ ಮನೆಯಲ್ಲೋ ಯಾರಾದರೂ ಹಾಗೆಯೇ ಕೂರು ಎಂದರೆ? ಬೇಡ ಎನ್ನುವುದನ್ನು ನಾವೇ ಕೈಯಾರೆ ಒರೆಸಿ ಹಾಕಿರುತ್ತೇವೆ. ಇಷ್ಟೇ ಹೇಳುತ್ತೇನೆ, ಮುಂದಿನದು ಬರೆಯಲು ನನಗೆ ಧೈರ್ಯವಿಲ್ಲ.

ಕೆಲವು ಸಂಗತಿಗಳನ್ನು ವಾದವಿಲ್ಲದೆ ನಿಲ್ಲಿಸಬಹುದು. ಸೆಷನ್‌ನಲ್ಲಿ ಬಿಸ್ಕತ್ತು ಕೆಲಸ ಮಾಡಲಿ ಎಂದು ಮಗುವನ್ನು ಬೆಳಗಿನ ತಿಂಡಿ ಕೊಡದೆ ಕರೆತರಲು ಹೇಳುವುದು ಅಂಥದ್ದೊಂದು. ಮಗುವಿನ ಟಿಫಿನ್ ಡಬ್ಬಿಯನ್ನೇ ಬಹುಮಾನವಾಗಿ ಇಟ್ಟುಕೊಳ್ಳುವುದು ಇನ್ನೊಂದು. ಅಮ್ಮ ಕಟ್ಟಿಕೊಟ್ಟ ದೋಸೆ ಅದಾಗಲೇ ಮಗುವಿನದು, ಅದನ್ನು ಗಳಿಸಬೇಕಾಗಿಲ್ಲ. ಅಳುವ ಮಗುವಿನ ವಿಡಿಯೋ ಮಾಡಿ ‘ಮೊದಲು, ಆಮೇಲೆ’ ಎಂದು ಜಾಹೀರಾತಿಗೆ ಹಾಕುವುದು ಮತ್ತೊಂದು. ಮಕ್ಕಳ ಡಿಜಿಟಲ್ ಮಾಹಿತಿಗೆ ಪೋಷಕರ ಖಚಿತ ಸಮ್ಮತಿ ಬೇಕೆಂದು 2023ರಲ್ಲಿ ಕಾಯ್ದೆಯೇ ಆಗಿದೆ. ವೈದ್ಯರಿಗೆ ತೋರಿಸದೆ ವರ್ತನೆಗೆ ಕೈ ಹಾಕುವುದೂ ಹಾಗೆಯೇ. ಕೆನ್ನೆಗೆ ಹೊಡೆದುಕೊಳ್ಳುತ್ತಿದ್ದ ಹುಡುಗನೊಬ್ಬನಿಗೆ ನಾವು ಮೂರು ವಾರ ಬಹುಮಾನದ ಟೋಕನ್ ಕೊಟ್ಟು ಕೈ ಕಟ್ಟಿ ಕೂರಲು ಕಲಿಸಿದೆವು. ದವಡೆಯ ಹಲ್ಲು ಹುಳುಕಾಗಿ ಕೀವು ತುಂಬಿತ್ತು. ದಂತವೈದ್ಯರು ಒಂದು ಮಧ್ಯಾಹ್ನದಲ್ಲಿ ಗುಣಮಾಡಿದರು.

ಇವನ್ನೆಲ್ಲ ನೋಡಿಕೊಳ್ಳುವವರು ಯಾರು? ನಾನು ಮೊದಲು ಕೆಲಸಕ್ಕೆ ಸೇರಿದಾಗ ನನ್ನ ಹತ್ತಿರ ಇದ್ದದ್ದು ಬಿ.ಎ. ಪದವಿ ಮತ್ತು ಎರಡು ವಾರದ ತರಬೇತಿ; ಯಾವ ಪ್ರಮಾಣಪತ್ರವನ್ನೂ ಯಾರೂ ಕೇಳಲಿಲ್ಲ. 1992ರ ಕಾಯ್ದೆಯ ಭಾರತೀಯ ಪುನರ್ವಸತಿ ಪರಿಷತ್ತು ವಿಶೇಷ ಶಿಕ್ಷಕರನ್ನೂ ವಾಕ್ ಚಿಕಿತ್ಸಕರನ್ನೂ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರನ್ನೂ ನೋಂದಾಯಿಸುತ್ತದೆ. ವರ್ತನಾ ವಿಶ್ಲೇಷಕರಿಗೆ ಅಲ್ಲಿ ಬೇರೆ ವರ್ಗವಿಲ್ಲ. 2021ರ ಸಹಾಯಕ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯ ಅನುಸೂಚಿಯಲ್ಲಿ ನಮ್ಮ ವೃತ್ತಿಯ ಹೆಸರು ಬಂದಾಗ ನಾನು ಅದನ್ನು ಅಮ್ಮನಿಗೆ ತೋರಿಸಿ ಸಿಹಿ ಹಂಚಿದ್ದೆ. ಅಮೆರಿಕದ ಮಂಡಳಿ 2023ರಿಂದ ನಮ್ಮಂಥ ದೇಶಗಳಲ್ಲಿರುವವರಿಗೆ ಹೊಸದಾಗಿ ಪ್ರಮಾಣಪತ್ರ ಕೊಡುವುದನ್ನು ನಿಲ್ಲಿಸಿದೆ. ಹಾಗಾಗಿ ಅದರ ನೀತಿಸಂಹಿತೆಯನ್ನು ಇಲ್ಲಿ ಓದುವವರು ಓದುತ್ತಾರೆ, ಮುರಿದರೆ ಕೇಳುವವರಿಲ್ಲ. ಆದರೆ ತಮ್ಮ ಕೈ ಬರಿದಾಗಿಲ್ಲ. ಅಂಗವಿಕಲರ ಶಿಕ್ಷಣ, ತರಬೇತಿ, ಪುನರ್ವಸತಿಗೆಂದು ನಡೆಸುವ ಯಾವ ಸಂಸ್ಥೆಯಾದರೂ ನೋಂದಣಿ ಇಲ್ಲದೆ ನಡೆಯಬಾರದು ಎಂದು 2016ರ ಕಾಯ್ದೆಯ 50ನೇ ಸೆಕ್ಷನ್ ಹೇಳುತ್ತದೆ. ಜಿಲ್ಲೆಯಲ್ಲಿ ಎಷ್ಟು ಥೆರಪಿ ಸೆಂಟರುಗಳಿವೆ, ಅವುಗಳಲ್ಲಿ ಎಷ್ಟು ನೋಂದಣಿಯಾಗಿವೆ ಎಂದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಿಂದ ತಾವು ಒಂದು ಪಟ್ಟಿ ತರಿಸಿ, ಅದನ್ನು ಕನ್ನಡದಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಪಟ್ಟಿಯ ಜೊತೆಗೆ ಒಂದು ಸುತ್ತೋಲೆ. ಚಿಕಿತ್ಸೆಯ ಯೋಜನೆ ಎರಡು ಪುಟ ಮೀರದಂತೆ ಕನ್ನಡದಲ್ಲಿರಲಿ. ಸಹಿಗೆ ಮುನ್ನ ಅದನ್ನು ಮನೆಮಾತಿನಲ್ಲಿ, ತುಳುವೋ ಕೊಂಕಣಿಯೋ ಬ್ಯಾರಿಯೋ ಕುಂದಗನ್ನಡವೋ, ಓದಿ ಹೇಳಲಿ. ಸಹಿ ಕೌಂಟರಿನಲ್ಲಿ ಬೇಡ. ಫಾರ್ಮನ್ನು ಮನೆಗೆ ಕೊಂಡುಹೋಗಿ ಮರುದಿನ ತರುವಂತಿರಲಿ. ಮಗು ಸಾಕು, ಬೇಡ ಎಂದು ಹೇಗೆ ಹೇಳುತ್ತದೆ ಎಂದು ತಾಯಿಯನ್ನು ಕೇಳಿ ಬರೆದುಕೊಳ್ಳಲು ಆ ಯೋಜನೆಯಲ್ಲೇ ಒಂದು ಜಾಗವಿರಲಿ. ಬಿಟ್ಟು ಹೋದರೆ ಉಳಿದ ಶುಲ್ಕ ವಾಪಸಾಗಲಿ. ಸೆಷನ್ ನಡೆಯುವ ಕೋಣೆಗೆ ಗಾಜಿನ ಕಿಂಡಿ ಇರಲಿ, ತಾಯಿಗೆ ಯಾವ ಹೊತ್ತಿನಲ್ಲಾದರೂ ಇಣುಕಲು ಬಿಡಲಿ. ‘ಅಮ್ಮನನ್ನು ಕಂಡರೆ ಮಗು ಕಲಿಯುವುದಿಲ್ಲ’ ಎಂದು ನಾವು ಹೇಳುತ್ತೇವೆ. ಕೆಲವೊಮ್ಮೆ ಅದು ನಿಜವೂ ಹೌದು. ಹಾಗಿದ್ದರೆ ಅಮ್ಮ ಮಗುವಿಗೆ ಕಾಣದಂತೆ ಕಿಂಡಿಯಿಂದ ನೋಡಲಿ.

ಇನ್ನು ಆ ಸಮಿತಿಯ ಮಾತು. 18 ತುಂಬಿದ ಮೇಲೆ ಆಟಿಸಂ ಇರುವವರಿಗೆ ಕಾನೂನುಬದ್ಧ ಪಾಲಕರನ್ನು ನೇಮಿಸುವ ಅರ್ಜಿಗಳು ಬರುವುದು ತಮ್ಮ ಸಮಿತಿಯ ಮುಂದೆಯೇ. ನನ್ನ ಬಳಿ ಬರುವ ತರುಣನೊಬ್ಬನಿಗೆ ಈಗ 22 ವರ್ಷ. ಮಾತಿಲ್ಲ, ಮೊಬೈಲಿನಲ್ಲಿ ಚಿತ್ರ ಒತ್ತಿ ಹೇಳುತ್ತಾನೆ. ಅವನ ಚಿಕಿತ್ಸೆಯ ಯೋಜನೆಗೆ ಇಂದಿಗೂ ಸಹಿ ಹಾಕುವವರು ತಂದೆ. ಅವನಿಗೆ ಬೇಕಾಗಿದ್ದದ್ದು ಮಲ್ಪೆಯ ಕಡಲಿಗೆ ಒಬ್ಬನೇ ಬಸ್ಸಿನಲ್ಲಿ ಹೋಗುವುದು ಎಂದು ನನಗೆ ಗೊತ್ತಾದದ್ದು ಆರು ವರ್ಷದ ನಂತರ, ನಾನು ಮೊದಲ ಬಾರಿ ಕೇಳಿದಾಗ. ಅಷ್ಟೂ ವರ್ಷ ನಾವು ಬಟ್ಟೆ ಮಡಿಸುವುದನ್ನು ಕಲಿಸುತ್ತಿದ್ದೆವು. 2016ರ ಕಾಯ್ದೆಯ 14ನೇ ಸೆಕ್ಷನ್ ಹೇಳುವ ಸೀಮಿತ ಪಾಲಕತ್ವ ಎಂದರೆ ಪಾಲಕ ಮತ್ತು ಆ ವ್ಯಕ್ತಿ ಪರಸ್ಪರ ನಂಬಿಕೆಯಿಂದ ಕೂಡಿ ತೀರ್ಮಾನಿಸುವುದು. ಅಂಥ ಕುಟುಂಬ ತಮ್ಮ ಮುಂದೆ ಬಂದು ಕುಳಿತಾಗ, ಕಡತದ ಮೇಲೆ ಸಹಿ ಹಾಕುವ ಮುನ್ನ, ಆ ಹುಡುಗನತ್ತ ತಿರುಗಿ ಅವನನ್ನೇ ಒಂದು ಪ್ರಶ್ನೆ ಕೇಳಿ. ಉತ್ತರಕ್ಕೆ ಹತ್ತು ನಿಮಿಷ ಹಿಡಿದರೆ ಕಾಯಿರಿ. ಅದನ್ನೂ ನಡಾವಳಿಯಲ್ಲಿ ಬರೆಸಿ.

‘ರೈಟ್ ಪೋಯಿ’ಯ ಹುಡುಗನ ಕಥೆ ಏನಾಯಿತು ಎಂದು ಯಾರಾದರೂ ಕೇಳಿಯಾರು. ಆ ಸಂಜೆಯ ಮರುದಿನದಿಂದ ಯೋಜನೆ ಮುರಿದೆ. ಮೇಲ್ವಿಚಾರಕರಿಗೆ ಹೇಳಿದೆ, ಅವರಿಗೆ ಸಿಟ್ಟು ಬಂತು, ಒಂದು ವರ್ಷದಲ್ಲಿ ನಾನು ಆ ಕೆಲಸ ಬಿಟ್ಟೆ. ಬಿಡುವ ಮೊದಲು ಅವನಿಗೆ ಒಂದು ಕೆಂಪು ಕಾರ್ಡು ಕೊಟ್ಟು, ಅದರ ಮೇಲೆ ಬಸ್ಸಿನ ಚಿತ್ರ ಅಂಟಿಸಿ, ಅವನು ಅದನ್ನು ಮುಟ್ಟಿದಾಗಲೆಲ್ಲ ನಾನೇ ‘ರೈಟ್ ಪೋಯಿ’ ಎಂದು ಎದ್ದು ಬಾಗಿಲು ತೆರೆಯುತ್ತಿದ್ದೆ. ಮೊದಲ ದಿನ 41 ಸಲ ಬಾಗಿಲು ತೆರೆದೆ. ಮೂರನೆಯ ವಾರಕ್ಕೆ ಅವನು ಗಂಟೆಗೆ ನಾಲ್ಕೈದು ಸಲ ಮುಟ್ಟುತ್ತಿದ್ದ. ಹೊರಗೆ ಹೋಗಿ ನೀರು ಕುಡಿದು ಮತ್ತೆ ತಾನೇ ಬಂದು ಕೂರುತ್ತಿದ್ದ. ಕೈ ಕಚ್ಚುವುದು ನಿಂತಿತು. ಮಾತು ಮಾತ್ರ ಅವನ ಬಾಯಿಗೆ ಮರಳಿ ಬರಲಿಲ್ಲ, ನಾನು ಅಲ್ಲಿರುವವರೆಗೂ.

ಮಂಗಳವಾರ ಮಧ್ಯಾಹ್ನದ ನಂತರ ನನಗೆ ಸೆಷನ್ ಇರುವುದಿಲ್ಲ. ತಾವು ಕರೆದರೆ ಮಣಿಪಾಲಕ್ಕೆ ಬರುತ್ತೇನೆ. ಆ ಗ್ರಾಫನ್ನೂ ಹನ್ನೊಂದು ಪುಟದ ಆ ಫಾರ್ಮಿನ ಖಾಲಿ ಪ್ರತಿಯನ್ನೂ ತರುತ್ತೇನೆ.

ತಮ್ಮ ವಿಶ್ವಾಸಿ,
ಉಡುಪಿಯ ಒಬ್ಬ ವರ್ತನಾ ಚಿಕಿತ್ಸಕಿ
(ಹೆಸರು, ವಿಳಾಸಗಳನ್ನು ತಮ್ಮ ಕಚೇರಿಗೆ ಸಲ್ಲಿಸಿದ ಪ್ರತಿಯಲ್ಲಿ ಬರೆದಿದ್ದೇನೆ. ಇಲ್ಲಿ ಬರೆದರೆ ಆ ಹುಡುಗನ ಗುರುತು ಸಿಗುತ್ತದೆ. ಅವನ ಒಪ್ಪಿಗೆಯನ್ನು ನಾನು ಕೇಳಿಲ್ಲ.)